ಸಂಸ್ಕರಿಸಿದ ನೀರು: ಕೊಳೆ ಹೋಯ್ತು, ಉಪ್ಪು?

ನಾನಿರೋದು ಬೆಂಗಳೂರಿನ ನಗರ್ತಪೇಟೆಯಲ್ಲಿ. ಇಲ್ಲಿ ಬಟ್ಟೆ ಒಗೆದ ಸೋಪು, ಸಾರಿಗೆ ಹಾಕಿದ ಉಪ್ಪು ಎಲ್ಲಾ ಕೊನೆಗೆ ಚರಂಡಿ ಸೇರುತ್ತೆ. ನಗರದ ಇಂಥ ನೀರನ್ನೇ ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸ್ತಿದ್ದಾರೆ. ಕೆರೆಯಿಂದ ಇಂಗಿದ್ದು ನಿಮ್ಮ ಬೋರ್‌ವೆಲ್‌ಗೆ ಬರುತ್ತೆ. ಬತ್ತಿದ್ದ ಕೆರೆ ತುಂಬಿದ್ದು ಸಣ್ಣ ಮಾತಲ್ಲ, ನಿಜ. ಆದರೆ ಎರಡು ಹಂತದ ಸಂಸ್ಕರಣೆ ಕೊಳೆ ತೆಗೆಯುತ್ತೆ, ಕರಗಿದ ಉಪ್ಪನ್ನಲ್ಲ.

ಲೆಕ್ಕ ಹಾಕಿ ನೋಡಿ. ಎಕರೆಗೆ ಒಂದು ಇಂಚು ನೀರು ಅಂದ್ರೆ ಸುಮಾರು 1 ಲಕ್ಷ ಲೀಟರ್. ಟಿಡಿಎಸ್ 800 ಇದ್ದರೆ ಅದರಲ್ಲಿ 80 ಕೆಜಿ ಉಪ್ಪು! ನೀರು ಆವಿಯಾಗುತ್ತೆ, ಉಪ್ಪು ಹೊಲದಲ್ಲೇ ಉಳಿಯುತ್ತೆ.

ಅದರಲ್ಲೂ ಸೋಡಿಯಂ ಕಾಟ ಜಾಸ್ತಿ. ಮಣ್ಣಿನ ಜೇಡಿಕಣಗಳನ್ನು ಒಟ್ಟಿಗೆ ಹಿಡಿದಿಡೋದು ಕ್ಯಾಲ್ಸಿಯಂ. ಅದರ ಜಾಗಕ್ಕೆ ಸೋಡಿಯಂ ಬಂದರೆ ಕಣಗಳು ಬಿಡಿಬಿಡಿಯಾಗಿ ಮಣ್ಣಿನ ರಂಧ್ರ ಮುಚ್ಚುತ್ತವೆ. ಮಳೆ ಬಂದರೆ ನೀರು ಇಂಗಲ್ಲ, ಒಣಗಿದರೆ ಮೇಲೆ ಗಟ್ಟಿ ಪದರ ಕಟ್ಟುತ್ತೆ. ಯಾವ ಉಪ್ಪು ಅಂತ ಟಿಡಿಎಸ್ ಮೀಟರ್ ಹೇಳಲ್ಲ. ನೀರಿನ ಪರೀಕ್ಷೆಯಲ್ಲಿ ಎಸ್‌ಎಆರ್ ಕೇಳಿ: ಕ್ಯಾಲ್ಸಿಯಂ, ಮೆಗ್ನೀಸಿಯಂ ಎದುರು ಸೋಡಿಯಂ ಎಷ್ಟಿದೆ ಅನ್ನೋ ಅಳತೆ ಅದು. ಮಣ್ಣಿನ ವಿನಿಮಯ ಸೋಡಿಯಂ ಶೇ 15 ದಾಟಿದರೆ ಜಿಪ್ಸಂ ಬೇಕಾಗುತ್ತೆ. ಹಾಕಿದ ಮೇಲೆ ಸೋಡಿಯಂ ಬಸಿದು ಹೋಗೋಕೆ ಒಳ್ಳೆ ನೀರು, ಬಸಿಗಾಲುವೆ ಎರಡೂ ಇರಬೇಕು.

ಡ್ರಿಪ್ ಇರೋರು ಗಮನಿಸಿ: ಒದ್ದೆ ಜಾಗದ ಅಂಚಲ್ಲಿ ಉಪ್ಪು ಸೇರುತ್ತೆ.

ಇನ್ನು ಲಾಭದ ಮಾತು. ಲೀಟರಿಗೆ 10 ಮಿಲಿಗ್ರಾಂ ಸಾರಜನಕ ಇದ್ದರೆ ಇಂಚಿಗೆ 1 ಕೆಜಿ ಪುಕ್ಕಟೆ. ಟೊಮ್ಯಾಟೊಗೆ ಯೂರಿಯಾ ಹಾಕುವಾಗ ಅಷ್ಟನ್ನು ಕಳೆಯಿರಿ, ಇಲ್ಲಾಂದ್ರೆ ಬರೀ ಸೊಪ್ಪು ಬೆಳೆಯುತ್ತೆ.