ಕೊಲ್ಲಿಗೆ ಹೊರಟವರ ಕೈಯಲ್ಲಿರುವ ವೀಸಾ ಯಾವುದು?

ಮುಂಬಯಿ: ಊರಿನಿಂದ ಇಲ್ಲಿಗೆ ಬಂದು, ಹೊಟೇಲು ಕ್ಯಾಂಟೀನುಗಳಲ್ಲಿ ದುಡಿದು, ಮುಂದೆ ಕೊಲ್ಲಿಗೆ ಹಾರಿದ ತುಳು-ಕನ್ನಡಿಗರು ಅನೇಕರು. ಹಾಗೆ ಹೊರಡುವವರಿಗೆ 'ಮೊದಲು ವಿಸಿಟ್ ವೀಸಾದಲ್ಲಿ ಹೋಗಿ, ಕೆಲಸದ ವೀಸಾ ಆಮೇಲೆ' ಎನ್ನುವ ಏಜೆಂಟರಿದ್ದಾರೆ. ಅಪಾಯ ಇರುವುದೇ ಅಲ್ಲಿ. ಯುಎಇಯಲ್ಲಿ ವಿಸಿಟ್ ವೀಸಾದ ಮೇಲೆ ದುಡಿಯುವುದು ಕಾನೂನುಬಾಹಿರ. ಸಂಬಳ ಸಿಗದಿದ್ದರೆ ದೂರು ಕೊಡಲು ಕೈಯಲ್ಲಿ ಕರಾರುಪತ್ರವೂ ಇರದು.

ಹತ್ತನೇ ತರಗತಿ ಪಾಸಾಗದವರ ಇಸಿಆರ್ ಪಾಸ್‌ಪೋರ್ಟಿನಲ್ಲಿ ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಕಡ್ಡಾಯ. ಅದರೊಂದಿಗೆ 10 ಲಕ್ಷ ರೂ. ವಿಮೆಯೂ ಬರುತ್ತದೆ. ವಿಸಿಟ್ ವೀಸಾದವರಿಗೆ ಇವೆರಡೂ ಇಲ್ಲ. ಏಜೆಂಟರಿಗೆ ನೋಂದಣಿ ಇದೆಯೇ ಎಂದು ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಅವರ ಸೇವಾಶುಲ್ಕ 30,000 ರೂ. ಮತ್ತು ಜಿಎಸ್‌ಟಿ ಮೀರುವಂತಿಲ್ಲ. ಸಂಶಯವಿದ್ದರೆ ವಿಚಾರಿಸಲು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ವಿದೇಶ ಭವನದಲ್ಲಿ ವಲಸೆ ಸಂರಕ್ಷಕರ ಕಚೇರಿಯಿದೆ. ಬಾಂದ್ರಾ ಸ್ಟೇಷನ್ನಿನಿಂದ ರಿಕ್ಷಾ ಸಾಕು.