ರಕ್ತಪರೀಕ್ಷೆಯಲ್ಲಿ ಆಸ್ಮೋಲ್ ಅಂತರ

1981ನೆಯ ಇಸವಿಯ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿಯ ಸಾರಾಯಿಯನ್ನು ಕುಡಿದು 300ಕ್ಕೂ ಹೆಚ್ಚು ಜನರು ಮೃತರಾದರು. 2008ರ ಮೇ ತಿಂಗಳಲ್ಲಿ ಕರ್ನಾಟಕ ಮತ್ತು ತಮಿಳುನಾಡುಗಳಲ್ಲಿ ಅದೇ ದುರಂತವು ಮರುಕಳಿಸಿ 150ಕ್ಕೂ ಮಿಕ್ಕಿ ಪ್ರಾಣಹಾನಿಯಾಯಿತು. ಎರಡು ಸಲವೂ ಪ್ರಾಣ ತೆಗೆದದ್ದು ಮೆಥನಾಲೆಂಬ ವಿಷ. ಬಣ್ಣ, ವಾಸನೆಗಳಿಂದ ಇದನ್ನು ಸಾರಾಯಿಯಲ್ಲಿ ಗುರುತಿಸುವುದು ಸಾಧ್ಯವಿಲ್ಲ. ಇದು ಒಡಲನ್ನು ಸೇರಿದೆಯೇ ಎಂಬುದಕ್ಕೆ ಸುಳಿವು ಕೊಡುವ ರಕ್ತಪರೀಕ್ಷೆಗಳಲ್ಲಿ ‘ಆಸ್ಮೋಲ್ ಅಂತರ’ವೂ ಒಂದು.

ಇದರ ತತ್ತ್ವವು ಸರಳವಾದುದು. ಉಪ್ಪುನೀರು ಹೆಪ್ಪುಗಟ್ಟಲು ಶುದ್ಧಜಲಕ್ಕಿಂತ ಹೆಚ್ಚಿನ ಶೈತ್ಯವು ಬೇಕು. ಅಂತೆಯೇ ರಕ್ತದ ತಿಳಿಯಲ್ಲಿ ಕರಗಿದ ಕಣಗಳು ಹೆಚ್ಚಿದಷ್ಟೂ ಅದು ಹೆಪ್ಪುಗಟ್ಟುವ ಉಷ್ಣತೆಯು ಇಳಿಯುವುದು. ಯಂತ್ರವು ಇದನ್ನಳೆದು ಕಣಗಳ ಒಟ್ಟು ಮೊತ್ತವನ್ನು ತಿಳಿಸುತ್ತದೆ. ಇರಬೇಕಾದ ಮೊತ್ತವನ್ನು ಬೇರೆಯಾಗಿ ಗಣಿಸುತ್ತಾರೆ: ಸೋಡಿಯಂನ ಎರಡರಷ್ಟಕ್ಕೆ ಗ್ಲೂಕೋಸನ್ನು 18ರಿಂದಲೂ ಯೂರಿಯಾವನ್ನು 6ರಿಂದಲೂ ಭಾಗಿಸಿ ಕೂಡಿಸತಕ್ಕದ್ದು. ಪ್ರಯೋಗಶಾಲೆಯ ವರದಿಯಲ್ಲಿ ಇವು ಕ್ರಮವಾಗಿ 140, 90, 30 ಎಂದಿದ್ದರೆ, 280, 5, 5 ಸೇರಿ 290 ಆಗುವುದು. ಯಂತ್ರವು 340 ಎಂದು ತೋರಿಸಿದರೆ ಅಂತರವು 50. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ 10ನ್ನು ಮೀರದು. ಮಿಕ್ಕಿದ್ದು ಲೆಕ್ಕಕ್ಕೆ ಸೇರದ ಯಾವುದೋ ವಸ್ತು.

ಆದರೆ ಈ ಅಂಕಿಯು ಆ ವಸ್ತುವಿನ ಹೆಸರನ್ನು ಹೇಳಲಾರದು. ಸಾಧಾರಣ ಮದ್ಯದಿಂದಲೂ ಅಂತರವು ಏರುವುದು. ಇನ್ನೂ ಮುಖ್ಯವಾದುದು ಹೊತ್ತು. ಯಕೃತ್ತು ಮೆಥನಾಲನ್ನು ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸುತ್ತ ಬಂದಂತೆ ಅಂತರವು ಇಳಿಯುತ್ತದೆ, ರಕ್ತದ ಆಮ್ಲತೆಯು ಏರುತ್ತದೆ. ಕಣ್ಣಿನ ನರವನ್ನು ಕೆಡಿಸುವುದು ಈ ಆಮ್ಲವೇ. ಆದುದರಿಂದ ತಡವಾಗಿ ಬಂದ ರೋಗಿಯಲ್ಲಿ ಅಂತರವು 10ರೊಳಗಿದ್ದರೂ ಅಪಾಯವು ತಪ್ಪಿತೆಂದು ತಿಳಿಯಬಾರದು. ವೈದ್ಯರು ಆಮ್ಲತೆಯನ್ನೂ ಕುಡಿದ ಹೊತ್ತನ್ನೂ ಜೊತೆಗಿಟ್ಟುಕೊಂಡೇ ಈ ಅಂಕಿಯನ್ನು ಓದುತ್ತಾರೆ.

ವಾಂತಿ, ಹೊಟ್ಟೆನೋವು, ಕಣ್ಣು ಮಂಜಾಗುವುದು ಮುಂತಾದ ಲಕ್ಷಣಗಳು ಅನೇಕ ವೇಳೆ 12ರಿಂದ 24 ಗಂಟೆಗಳ ಮೇಲೆ ತಲೆದೋರುವುವು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಂತಹ ಊರಿನಿಂದ ಬಳ್ಳಾರಿಯ ದೊಡ್ಡ ಆಸ್ಪತ್ರೆಯನ್ನು ಮುಟ್ಟುವುದಕ್ಕೂ ಹೊತ್ತು ಹಿಡಿಯುವುದು. ಮದ್ಯದ ಮೇಲೆ ಸಂಶಯ ಬಂದೊಡನೆ, ಲಕ್ಷಣಗಳಿಗಾಗಿ ಕಾಯದೆ, ರೋಗಿಯನ್ನು ಕರೆದೊಯ್ಯತಕ್ಕದ್ದು; ಉಳಿದ ದ್ರವವನ್ನು ಸೀಸೆಯ ಸಮೇತ ಒಯ್ಯತಕ್ಕದ್ದು; ಎಷ್ಟು ಹೊತ್ತಿಗೆ, ಎಷ್ಟು ಕುಡಿದನೆಂಬುದನ್ನು ನಾಚಿಕೆಯಿಂದ ಮರೆಮಾಚದೆ ಹೇಳತಕ್ಕದ್ದು. ಆಮ್ಲವು ಹುಟ್ಟದಂತೆ ತಡೆಯುವ ಫೋಮೆಪಿಜೋಲ್ ಮುಂತಾದ ಔಷಧಗಳೂ, ರಕ್ತವನ್ನು ಶೋಧಿಸುವ ಡಯಾಲಿಸಿಸ್ ಚಿಕಿತ್ಸೆಯೂ ಇವೆ. ಮನೆಯವರು ಉಳಿಸಿಕೊಟ್ಟ ಒಂದೊಂದು ಗಂಟೆಯೂ ರೋಗಿಯ ಕಣ್ಣಿಗೂ ಪ್ರಾಣಕ್ಕೂ ರಕ್ಷೆಯಾಗಬಲ್ಲದು.