ಕೆರೆ ತುಂಬಿತು, ಹಂಚುವವರು ಯಾರು?

ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ದೊಡ್ಡಕೆರೆ ಏರಿ ಹತ್ತಿದವರಿಗೆ ನೀರು ನೋಡುವುದೇ ಸಡಗರ. 2021ರಲ್ಲಿ ಹರಿಹರದ ಕಡೆಯಿಂದ ತುಂಗಭದ್ರೆ ಪೈಪಿನಲ್ಲಿ ಇಲ್ಲಿಗೆ ಏರಿ ಬಂದಳು. ಸಿರಿಗೆರೆಯ ತರಳಬಾಳು ಶ್ರೀಗಳು ಬೆನ್ನುಬಿದ್ದು ಮಾಡಿಸಿದ ಏತ ನೀರಾವರಿಯಿದು; ಸುತ್ತಲ ಕೆರೆಗಳಿಗೂ ಇದೇ ಆಸರೆ. ಕೆರೆ ಮಾತ್ರ ಪಾಳೇಗಾರ ಭರಮಣ್ಣ ನಾಯಕನ ಕಾಲದ್ದು.

ನಾನು ಏರಿಯ ಮೇಲೆ, ಹಿಂದೆ ಕೆರೆ ನೀರು ಹಂಚುತ್ತಿದ್ದ ನೀರುಗಂಟಿಯನ್ನು ವಿಚಾರಿಸುತ್ತಾ ಹೋದೆ. ಹುಡುಗರು ಪಂಪ್‌ಹೌಸ್ ಆಪರೇಟರ್ ಇರಬೇಕೆಂದುಕೊಂಡರು!

ಹಳೆಯ ತೂಬಿನ ಜಾಣತನ ನೋಡಬೇಕು. ನೀರೊಳಗೆ ಎರಡು ಕಲ್ಲುಕಂಬ, ನಡುವೆ ತೂರಿಸಿದ ಕೋಲು, ಕೋಲಿನ ತುದಿಗೆ ತಳದ ಕಂಡಿ ಮುಚ್ಚುವ ಬಿರಡೆ. ಅದನ್ನು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಎಂಬುದು ನೀರುಗಂಟಿಯ ಕೈಲಿತ್ತು. ಜಮೀನ್ದಾರನೂ ತಾನಾಗಿ ಮಡೆ ಒಡೆಯುವಂತಿರಲಿಲ್ಲ. ನೀರು ಕಮ್ಮಿಯಾದ ವರ್ಷ ದಾಮಾಶಾ: ಎಲ್ಲರೂ ತಮ್ಮ ಹಿಡುವಳಿಯ ಪ್ರಮಾಣದಲ್ಲೇ ಬಿತ್ತನೆ ಕಡಿತ ಮಾಡಿಕೊಳ್ಳಬೇಕು. ಹಾಗೆಂದು ಇದು ರಾಮರಾಜ್ಯವಲ್ಲ. ನೀರುಗಂಟಿ ಬಹುಪಾಲು ದಲಿತ, ಸಂಬಳ ಸುಗ್ಗಿಯ ಒಂದಿಷ್ಟು ಕಾಳು, ಜಮೀನಿಲ್ಲದವನಿಗೆ ನೀರಿನ ಪಾಲೇ ಇಲ್ಲ. ಆದರೂ ಹಂಚಿಕೆಗೊಂದು ಲೆಕ್ಕವಿತ್ತು, ಲೆಕ್ಕಕ್ಕೊಬ್ಬ ಹೊಣೆಗಾರನಿದ್ದ.

ಈಗ ಕೆರೆ ತುಂಬಿಸುವುದೇ ಅಂತರ್ಜಲಕ್ಕಾಗಿ. ತೂಬು ಮುಚ್ಚಿದರೂ ನೀರು ನೆಲದಡಿ ಹರಿದು ಕೊಳವೆಬಾವಿ ಸೇರುತ್ತದೆ. ಕೆರೆಯಂಚಿನ ಅಡಿಕೆ ತೋಟಕ್ಕೆ ಧಾರಾಳ; ಮೇಲಿನ ಮೆಕ್ಕೆಜೋಳದ ಹೊಲಕ್ಕೆ ಮೋಡವೇ ಗತಿ. ದುಡ್ಡು ಸಾರ್ವಜನಿಕರದ್ದು, ಫಲ ಬೋರು ಕೊರೆಸುವ ತಾಕತ್ತಿದ್ದವರದ್ದು. ಅಂತರ್ಜಲ ನಿಯಂತ್ರಣಕ್ಕೆ 2011ರ ಕಾಯ್ದೆಯಿದೆ, ಕೆರೆ ಸಂರಕ್ಷಣೆಗೆ 2014ರ ಕಾಯ್ದೆಯಿದೆ. ಹಳ್ಳಿಯ ಮೋಟಾರಿಗೆ ಎರಡರ ಪರಿಚಯವೂ ಇದ್ದಂತಿಲ್ಲ.

ನೀರು ಹೆಚ್ಚಾದರೆ ಜಗಳ ತೀರುತ್ತದೆ ಎನ್ನುವವರು ವಾಣಿವಿಲಾಸ ಸಾಗರ ಜಲಾಶಯ ನೋಡಲಿ. 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಹಿರಿಯೂರಿಗೆ ಹಬ್ಬ, ಹೊಸದುರ್ಗದ ಹಿನ್ನೀರಿನ ತೋಟದವರಿಗೆ ಸಂಕಟ. ಒಂದೇ ನೀರು, ಒಂದೇ ಜಿಲ್ಲೆ.

ಭದ್ರಾ ಮೇಲ್ದಂಡೆ ಯೋಜನೆಯ ನೀರೂ ನಾಳೆ ಜಿಲ್ಲೆಯ ಕೆರೆಗಳಿಗೆ ಬರಬೇಕಿದೆ. ಅಷ್ಟರೊಳಗೆ ಪ್ರತಿ ಕೆರೆಗೂ ಎಷ್ಟು ನೀರು ಬಂತು, ಸುತ್ತ ಎಷ್ಟು ಬೋರುಗಳಿವೆ ಎಂಬುದನ್ನು ಪಂಚಾಯಿತಿ ಗೋಡೆ ಮೇಲೆ ಬರೆಸಲಿ. ಪಾಲು ಗ್ರಾಮಸಭೆಯಲ್ಲೇ ತೀರ್ಮಾನವಾಗಲಿ. ಸಂಬಳ ಕೊಟ್ಟು ನೀರುಗಂಟಿಯನ್ನು ನೇಮಿಸಲಿ. ಈ ಸಲ ಕಾಳಿನ ಬದಲು ಕೈಗೆ ದುಡ್ಡು ಸಿಗಲಿ.